ಅಳುಬುರುಕನ ಕೊನೆಯ ರೆಕಾರ್ಡು

ಭಾನುವಾರ ಬೆಳಗ್ಗೆ ಹತ್ತಾಯಿತೆಂದರೆ ಟೈಲರಮ್ಮನ ಮನೆಯ ಮುಂದಿನ ಕೋಣೆ ಅವಳದಲ್ಲ. ಗಂಡ ನೀರಿನ ಮೀಟರ್ ಓದುವ ಕೆಲಸದವನು; ವಾರವೆಲ್ಲ ಮನೆಮನೆ ಸುತ್ತಿ, ಆ ಒಂದು ದಿನ ಮಾತ್ರ ಕೂತಲ್ಲಿಂದ ಏಳುತ್ತಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಅವನ ಇಬ್ಬರು ಸ್ನೇಹಿತರು ತಪ್ಪದೆ ಬರುತ್ತಿದ್ದರು. ಒಬ್ಬರು ಹಲ್ಲಿನ ಡಾಕ್ಟರು, ಇನ್ನೊಬ್ಬರು ಕಾರು ಓಡಿಸಲು ಕಲಿಸುವ ಮೇಷ್ಟ್ರು. ಮೂವರಿಗೂ ಜಾಝ್ ಸಂಗೀತದ ಹುಚ್ಚು. ಒಂದು ರೆಕಾರ್ಡು ಕೇಳಿ ಎರಡು ರೆಕಾರ್ಡಿನಷ್ಟು ಮಾತಾಡುವ ಹುಚ್ಚು.

ಟೈಲರಮ್ಮ ಒಳಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಇರುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಗಂಡ ಪ್ರೀತಿಯಿಂದ ಪಕ್ಕದಲ್ಲಿ ಕೂರಿಸಿಕೊಂಡು ಒಂದು ರೆಕಾರ್ಡು ಕೇಳಿಸಿದ್ದ. ಅಂದು ಹದಿನಾಲ್ಕು ಅಂಗಿಗೆ ಕಾಲರ್ ಕೂರಿಸಿ ಸುಸ್ತಾಗಿದ್ದ ಅವಳು ಎರಡನೆಯ ಹಾಡಿಗೇ ಗೊರಕೆ ಹೊಡೆದಳು. ಪಾಪ, ಅವನು ಮುಖ ಸಣ್ಣದು ಮಾಡಿಕೊಂಡು ರೆಕಾರ್ಡನ್ನು ಒರೆಸಿ ಎತ್ತಿಟ್ಟ. ಇವಳಿಗೆ ಇದು ಹಿಡಿಸದು ಎಂದು ಅಂದೇ ತೀರ್ಮಾನಿಸಿಬಿಟ್ಟ. ಆಮೇಲೆ ರೆಕಾರ್ಡು ಹಾಕುವಾಗಲೆಲ್ಲ, ಅವಳಿಗೆ ತೊಂದರೆಯಾಗದಿರಲಿ ಎಂದು, ನಡುವಿನ ಬಾಗಿಲು ಎಳೆದುಕೊಳ್ಳುತ್ತಿದ್ದ. ಅವನು ಅತ್ತ ತಿರುಗಿದೊಡನೆ ಅವಳು ಕಾಲಿನಿಂದ ಅದನ್ನು ನಾಲ್ಕು ಬೆರಳಗಲ ತೆರೆದುಕೊಳ್ಳುತ್ತಿದ್ದಳು.

ನುಡಿಸುವವರ ಹೆಸರು ಅವಳಿಗೆ ತಿಳಿಯದು. ಆ ಮೂವರ ಬಾಯಲ್ಲಿ ಹೆಸರುಗಳು ಅರಳು ಹುರಿದಂತೆ ಸಿಡಿಯುವಾಗ ಯಾವುದು ಯಾರದೆಂದು ಹಿಡಿಯುವುದು ಹೇಗೆ? ಹಾಗಾಗಿ ತಾನೇ ಹೆಸರಿಟ್ಟುಕೊಂಡಿದ್ದಳು. ಸ್ವರಗಳನ್ನು ಬಿಕ್ಕಿ ಬಿಕ್ಕಿ ಬಿಡುವ ಸ್ಯಾಕ್ಸೊಫೋನಿನವನು ಅಳುಬುರುಕ. ರೈಲು ತಪ್ಪಿಹೋಗುತ್ತದೇನೋ ಎಂಬಂತೆ ಬೆರಳೋಡಿಸುವ ಪಿಯಾನೋದವನು ಅವಸರಪ್ಪ. ಟ್ರಂಪೆಟ್ಟಿನವನೊಬ್ಬ ಬಹಳ ಹೊತ್ತು ಸುಮ್ಮನಿದ್ದು, ಎರಡೇ ಎರಡು ಸ್ವರ ಊದಿ, ಮತ್ತೆ ಸುಮ್ಮನಾಗುತ್ತಿದ್ದ. ಅವನು ಥೇಟ್ ಅವಳ ಮಾವನವರೇ. ಇವರಲ್ಲಿ ಅಳುಬುರುಕ ಶುರುಮಾಡಿದನೆಂದರೆ ಸಾಕು, ಯಂತ್ರ ತುಳಿಯುವ ಅವಳ ಕಾಲು ತಾನಾಗಿ ನಿಲ್ಲುತ್ತಿತ್ತು.

ಒಂದು ಭಾನುವಾರ ಡಾಕ್ಟರು ಹೊಸ ರೆಕಾರ್ಡನ್ನು ಪತ್ರಿಕೆಯಲ್ಲಿ ಸುತ್ತಿ ತಂದರು. "ಇವತ್ತು ನಾನು ಬಾಯಿ ಬಿಡಲ್ಲ. ನುಡಿಸ್ತಿರೋದು ಯಾರು ಅಂತ ನೀವೇ ಹೇಳ್ಬೇಕು."

ಸ್ಯಾಕ್ಸೊಫೋನು ಶುರುವಾಯಿತು. ಒರಟು ದನಿ, ಅಲ್ಲಲ್ಲಿ ಗಾಳಿ ಸೋರುತ್ತಿತ್ತು.

"ಯಾರೋ ಹೊಸಬ. ಇನ್ನೂ ಕ್ಲಚ್ ಬಿಡೋದು ಕಲಿತಿಲ್ಲ," ಎಂದರು ಮೇಷ್ಟ್ರು.

ಗಂಡ ಕಣ್ಣು ಮುಚ್ಚಿ ಕೇಳಿ ಒಂದು ಹೆಸರು ಹೇಳಿದ. ಡಾಕ್ಟರು ಅಲ್ಲವೆಂದು ತಲೆಯಾಡಿಸಿದರು. ಇನ್ನೊಂದು ಹೇಳಿದ. ಅದೂ ಅಲ್ಲ. ಅಷ್ಟರಲ್ಲಿ ನಡುವಿನ ಬಾಗಿಲು ಪೂರ್ತಿ ತೆರೆಯಿತು. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಅರ್ಧ ಹೊಲಿದ ತೋಳು ಹಿಡಿದು ಟೈಲರಮ್ಮ ನಿಂತಿದ್ದಳು.

"ಇವನಿಗೇನಾಯ್ತು?" ಎಂದಳು.

"ಯಾರಿಗೆ ಅತ್ತಿಗೆ?" ಎಂದರು ಡಾಕ್ಟರು.

"ಅದೇ, ನಮ್ಮ ಅಳುಬುರುಕನಿಗೆ. ಕಿಟಕಿ ಪಕ್ಕ ನಿಂತಿರೋ ಫೋಟೋ ಇದೆಯಲ್ಲ, ಆ ಕಪ್ಪು ಕವರಿನವನು. ಹುಷಾರಿಲ್ವಾ ಅವನಿಗೆ?"

ಗಂಡ ನಕ್ಕುಬಿಟ್ಟ. "ಅವನು ಅಲ್ವೇ ಅಲ್ಲ ಕಣೇ. ಅವನ ದನಿ ಬೆಣ್ಣೆ. ಇದು ಮರಳುಕಾಗದ."

"ಬಟ್ಟೆ ಬೇರೆ ಇರಬಹುದು ರೀ, ಕಟಿಂಗ್ ಅವನದೇ. ಸಾಲು ಮುಗಿಯೋಕೆ ಮುಂಚೆ ಒಂದು ಉಸಿರು ತಗೋತಾನೆ, ಆಮೇಲೆ ಕೊನೇ ಸ್ವರಾನ ಇಟ್ಟೂ ಇಡದ ಹಾಗೆ ಬಿಡ್ತಾನೆ. ಕೇಳಿ... ಈಗ."

ಮೂವರೂ ಕಿವಿಗೊಟ್ಟರು. ಉಸಿರು ಬಂತು. ಅದರ ಹಿಂದೆಯೇ ಆ ಸ್ವರ, ಬಂದೂ ಬಾರದಂತೆ.

ಡಾಕ್ಟರು ಪತ್ರಿಕೆ ಬಿಚ್ಚಿ ಕವರು ತೋರಿಸಿದರು. ಅವನೇ. ಕೂದಲು ನರೆತಿತ್ತು, ಕೆನ್ನೆ ಒಳಸೇರಿತ್ತು. "ಕೊನೇ ರೆಕಾರ್ಡು ಇದು. ಹಲ್ಲೆಲ್ಲ ಹೋಗಿ, ಸೆಟ್ ಕಟ್ಟಿಸ್ಕೊಂಡು, ಊದೋದನ್ನ ಮೊದಲಿನಿಂದ ಕಲಿತು ನುಡಿಸಿದ್ದಂತೆ. ಹಲ್ಲಿನ ಡಾಕ್ಟರು ನಾನು, ಕವರು ಓದೋವರೆಗೆ ನನಗೇ ಗೊತ್ತಾಗಲಿಲ್ಲ. ಅತ್ತಿಗೆ, ನಮ್ಮ ಮೂವರ ಜಂಬಾನೂ ಇಳಿಸಿಬಿಟ್ರಿ!"

ಮೇಷ್ಟ್ರು ಚಪ್ಪಾಳೆ ತಟ್ಟಿದರು. ಗಂಡ ತಟ್ಟಲಿಲ್ಲ. ಆ ಕವರನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕೂತ.

ಸ್ನೇಹಿತರು ಹೋದ ಮೇಲೆ, ಟೀ ಲೋಟ ತೊಳೆಯುತ್ತಿದ್ದವಳ ಪಕ್ಕಕ್ಕೆ ಬಂದು ನಿಂತ. "ಇಷ್ಟು ವರ್ಷಾನೂ ಕೇಳ್ತಾನೇ ಇದ್ದೆಯಾ?"

"ಹೂಂ."

"ಒಂದು ಮಾತು ಹೇಳಬಾರದಿತ್ತಾ?"

"ನೀವು ಮೂರು ಜನ ಹೆಸರು, ಇಸವಿ ಅಂತ ಕುಸ್ತಿ ಆಡ್ತಿದ್ರಿ. ನಾನು ಮಧ್ಯೆ ಬಂದು ಅಳುಬುರುಕ, ಅವಸರಪ್ಪ ಅಂದಿದ್ರೆ ನಗ್ತಿರಲಿಲ್ವಾ?" ಲೋಟ ಬೋರಲು ಹಾಕಿ ಸಣ್ಣಗೆ ಸೇರಿಸಿದಳು, "ಇವತ್ತೂ ನಕ್ರಲ್ಲ."

ಆ ಮಾತು ಅವನಿಗೆ ನಾಟಿತು. ಸೋಮವಾರ ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲೇ ರೆಕಾರ್ಡು ಹಾಕಿ, "ಇವನ್ಯಾರು?" ಎಂದ. ದನಿ ಇನ್ನೂ ಬಿಗಿಯಾಗಿಯೇ ಇತ್ತು.

"ಅವಸರಪ್ಪ."

ಮಂಗಳವಾರ ಇನ್ನೊಬ್ಬ. "ಇವನಿಗೆ ಹೆಸರಿಟ್ಟಿಲ್ಲ. ಅಷ್ಟೇನೂ ಚೆನ್ನಾಗಿಲ್ಲ," ಎಂದಳು. ನಿಜ ಹೇಳಬೇಕೆಂದರೆ ಗಂಡನಿಗೂ ಅದು ಇಷ್ಟವಿರಲಿಲ್ಲ. ಡಾಕ್ಟರು ಕೊಟ್ಟದ್ದೆಂಬ ದಾಕ್ಷಿಣ್ಯಕ್ಕೆ ಹೊಗಳುತ್ತಿದ್ದ.

ಬುಧವಾರ ಟ್ರಂಪೆಟ್. "ಇವರು ನಿಮ್ಮಪ್ಪ," ಎಂದಳು.

ಅವನು ಹುಬ್ಬು ಗಂಟಿಕ್ಕಿದ. ಅಷ್ಟರಲ್ಲಿ ಟ್ರಂಪೆಟ್ಟಿನವನು ಉದ್ದನೆಯ ಮೌನ ಮುಗಿಸಿ ಎರಡು ಸ್ವರ ಊದಿದ. "ಹ್ಞೂಂ, ಸರಿ," ಎಂದಳು ಅವಳು, ಮಾವನವರ ಧಾಟಿಯಲ್ಲೇ. ಗಂಡ ಮೊದಲು ತುಟಿ ಕಚ್ಚಿಕೊಂಡ, ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ತೀರಿಹೋದ ಮೇಲೆ ಅವರನ್ನು ನೆನೆದು ಅವನು ನಕ್ಕದ್ದು ಅದೇ ಮೊದಲು. ನಗು ನಿಂತಾಗ ಕಣ್ಣೊರೆಸಿಕೊಂಡು, "ನಿನಗೆ ಇದೆಲ್ಲ ಬೇಡ ಅಂತ ನಾನೇ ಅಂದ್ಕೊಂಡ್ಬಿಟ್ಟೆ," ಎಂದ.

"ಅವತ್ತು ನಿದ್ದೆ ಬಂದಿತ್ತು ರೀ, ಅಷ್ಟೇ. ಎಬ್ಬಿಸಬಹುದಿತ್ತು."

ಮುಂದಿನ ಭಾನುವಾರ ಕೋಣೆಯಲ್ಲಿ ನಾಲ್ಕು ಕುರ್ಚಿಗಳಿದ್ದವು. ಸುಮ್ಮನೆ ಕೂತು ಅಭ್ಯಾಸವಿಲ್ಲದ ಟೈಲರಮ್ಮ ಕೈಹೊಲಿಗೆಗೆಂದು ಒಂದು ಪರದೆ ತಂದುಕೊಂಡಳು. ಸಂಗೀತದ ನಡುವೆ ಡಾಕ್ಟರು ಎಂದಿನಂತೆ ಇಸವಿ ಹೇಳಲು ಹೊರಟರು.

"ಡಾಕ್ಟ್ರೇ, ಕ್ಲಿನಿಕ್ಕಲ್ಲಿ ಎಲ್ಲರ ಬಾಯೂ ತೆರೆಸ್ತೀರಿ, ಇಲ್ಲಿ ನಿಮ್ಮದು ಸ್ವಲ್ಪ ಮುಚ್ಚಿ," ಎಂದಳು ಟೈಲರಮ್ಮ.

ಮೇಷ್ಟ್ರು ನಗು ತಡೆಯಲು ಕರವಸ್ತ್ರ ಬಾಯಿಗೊತ್ತಿಕೊಂಡರು. ರೆಕಾರ್ಡು ಮುಗಿದಾಗ ಅವಳು, ಈ ಡ್ರಮ್ಮಿನವನೂ ದಪ್ಪ ತಂತಿಯ ಬೇಸ್ ನುಡಿಸುವವನೂ ಅಣ್ಣತಮ್ಮಂದಿರೇ ಇರಬೇಕು ಎಂದಳು. ಗಂಡ ಕವರು ತಿರುಗಿಸಿ, ಇಬ್ಬರೂ ಬೇರೆ ಬೇರೆ ದೇಶದವರು, ಈ ರೆಕಾರ್ಡಿಗೆ ಮೊದಲು ಮುಖ ಕೂಡ ನೋಡಿರಲಿಲ್ಲ ಎಂದು ಓದಿ ಹೇಳಿದ.

"ಕವರು ಬರೆದವನಿಗೆ ಏನು ಗೊತ್ತು?" ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು. "ಒಬ್ಬ ಬೈದ್ರೂ ಇನ್ನೊಬ್ಬ ಬಡಿಸಿ ಊಟಕ್ಕೆ ಕರೀತಿದ್ದಾನೆ. ಅಣ್ಣತಮ್ಮಂದಿರಲ್ಲದೆ ಇನ್ಯಾರು ಹಾಗೆ ಮಾಡ್ತಾರೆ? ಬೇಕಾದ್ರೆ ಇನ್ನೊಂದು ಸಲ ಹಾಕಿ."

ಗಂಡ ಇನ್ನೊಂದು ಸಲ ಹಾಕಿದ.