ಇನ್ನೊಂಚೂರು ತಿಳಿ ಮಾಡಿ

ನಗರಸಭೆಯ ಯೋಜನಾ ವಿಭಾಗದಲ್ಲಿ ನಕ್ಷೆ ಬರೆಯುವವನಿಗೆ ಆ ವರ್ಷ ಒಂದೇ ಕೆಲಸ: ಮುಂದೆ ಮಳೆ ಹೆಚ್ಚಿದರೆ ಹೊಳೆ ಊರೊಳಗೆ ಎಲ್ಲಿಯವರೆಗೆ ನುಗ್ಗುತ್ತದೆ ಎಂದು ಲೆಕ್ಕ ಹಾಕಿ, ಅಷ್ಟು ಜಾಗಕ್ಕೆ ನೀಲಿ ಬಳಿಯುವುದು. ಅವನ ಅಕ್ಕ ಹೊಸದಾಗಿ ಕೊಂಡ ಸೈಟು ಆ ನೀಲಿಯ ನಟ್ಟನಡುವೆ ಇತ್ತು. ಕಾಲು ಸ್ವಾಧೀನ ತಪ್ಪಿ, ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಸಿಕ್ಕಿಕೊಂಡಿದ್ದ ಅಮ್ಮನನ್ನು ಅಲ್ಲಿ ಮನೆ ಕಟ್ಟಿಸಿ ಕೆಳಗಿನ ಕೋಣೆಯಲ್ಲಿ ಇಟ್ಟುಕೊಳ್ಳಬೇಕೆಂಬುದು ಅಕ್ಕನ ಆಸೆ. ತಮ್ಮ ಬೇಡವೆಂದು ಬಡಕೊಂಡ ಮೇಲೆ, "ನಕ್ಷೆ ಪಾಸಾಗಿ ನಿಮ್ಮಾಫೀಸಿನ ಗೋಡೆಗೆ ಬರ್ಲಿ, ಆಮೇಲೆ ನೋಡೋಣ" ಎಂದು ಪಾಯ ತೆಗೆಸದೆ ಕಾದಿದ್ದಳು. ಅವನಿಗೂ ಅದೇ ಧೈರ್ಯ. ತಮ್ಮನ ಮಾತು ಕೇಳದವಳು ಸರ್ಕಾರದ ಮಾತನ್ನಾದರೂ ಕೇಳಿಯಾಳು.

ಸಭೆಯಲ್ಲಿ ಅಧ್ಯಕ್ಷರು ನಕ್ಷೆ ಕಂಡು ಹೌಹಾರಿದರು. "ಏನ್ರೀ ಇದು, ಅರ್ಧ ಊರನ್ನೇ ಮುಳುಗಿಸಿಬಿಟ್ಟಿದೀರಲ್ಲ! ಜನ ಹೆದರ್ಕೊಳ್ತಾರೆ. ಇನ್ನೊಂಚೂರು ತಿಳಿ ಮಾಡಿ."

ನೀಲಿಯನ್ನೇ ಅಳಿಸಿ ಎಂದಿದ್ದರೆ ಅವನು ಜಗಳಕ್ಕೆ ನಿಲ್ಲುತ್ತಿದ್ದನೋ ಏನೋ. ಬಣ್ಣ ತಿಳಿ ಮಾಡುವುದಕ್ಕೆ ಯಾರು ಜಗಳವಾಡುತ್ತಾರೆ? ಮಾಡಿಕೊಟ್ಟ. ಮುಂದಿನ ಸಭೆಯಲ್ಲಿ ಸದಸ್ಯರೊಬ್ಬರಿಗೆ ಅದೂ ಕಣ್ಣಿಗೆ ಹೊಡೆಯಿತು. ಅದರ ಮುಂದಿನ ಸಭೆಯಲ್ಲಿ ಇನ್ನೊಬ್ಬರಿಗೆ. ಹಾಲಿಗೆ ನೀರು ಬೆರೆಸುವವರಾದರೂ ಒಂದು ಹದಕ್ಕೆ ಕೈ ತಡೆಯುತ್ತಾರೆ, ಇವರು ತಡೆಯಲಿಲ್ಲ. ಕೊನೆಗೆ ಸರ್ವಾನುಮತದ ಒಪ್ಪಿಗೆ ಸಿಕ್ಕಿ, ಮುದ್ರೆ ಬಿದ್ದು, ನಕ್ಷೆ ಕಚೇರಿಯ ಗೋಡೆ ಹತ್ತಿತು.

ಅಕ್ಕ ಕನ್ನಡಕ ಒರೆಸಿಕೊಂಡು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಎಲ್ಲೋ ನೀಲಿ? ಬೆಳ್ಳಗಿದೆಯಲ್ಲ!"

"ಇದೆ ಅಕ್ಕಾ, ತೀರಾ ತಿಳಿ ಆಗಿದೆ ಅಷ್ಟೆ. ನಾನೇ ಬಳಿದಿದ್ದು, ನಂಗೊತ್ತಿಲ್ವಾ? ಅಲ್ಲಿ ಎದೆಮಟ್ಟ ನೀರು ಬರುತ್ತೆ."

"ಚಿಕ್ಕಂದಿನಿಂದ ನಿಂದು ಇದೇ ಪುಕ್ಕಲು. ಇಷ್ಟು ಜನ ದೊಡ್ಡವರು ನೋಡಿ ಸಹಿ ಹಾಕಿದಾರೆ. ನಿಂದೂ ಇದೆ ನೋಡು, ಕೆಳಗೆ."

ಇತ್ತು.

ಪಾಯ ಬಿತ್ತು. ಹಾಳಾಗಿ ಹೋಗಲಿ, ನೆಲವನ್ನಾದರೂ ಎದೆಯೆತ್ತರಕ್ಕೆ ಎತ್ತಿಸು ಎಂದು ಅಂಗಲಾಚಿದ.

"ಅಮ್ಮನ ಗಾಲಿಕುರ್ಚಿನ ದಿನಾ ನೀನು ಬಂದು ಹತ್ತಿಸ್ತೀಯಾ?" ಎಂದಳು ಅಕ್ಕ.

ಅದೂ ನ್ಯಾಯವೇ. ಬೀದಿಗೆ ಸಮವಾಗಿ ನೆಲ ಹಾಸಿದರು.

ಹೊಸ ಮನೆಗೆ ಬಂದ ದಿನ ಅಮ್ಮ ಯಾರ ಕೈಯನ್ನೂ ಕಾಯದೆ ತಾನೇ ಗಾಲಿ ತಿರುಗಿಸಿಕೊಂಡು, ಬಾಗಿಲು ದಾಟಿ ಬೀದಿಗೆ ಬಂದಳು. ಎಷ್ಟು ವರ್ಷವಾಗಿತ್ತೋ ಅವಳು ಹಾಗೆ ಹೊರಗೆ ಬಂದು! ಮಗನನ್ನು ಬಳಿಗೆ ಕರೆದು ಕೆನ್ನೆ ಸವರಿದಳು.

"ಒಂದು ಮೆಟ್ಟಿಲೂ ಇಲ್ಲ ಕಣೋ. ನಿನ್ನ ಸಹಿ ನೋಡೇ ಅಕ್ಕ ಕಟ್ಟಿಸಿದ್ದಂತೆ, ನೀನು ಆ ಆಫೀಸಲ್ಲಿರೋದು ಸಾರ್ಥಕ ಆಯ್ತು."

ಅವನಿಗೆ ಅಲ್ಲೇ ಕೂತು ಅತ್ತುಬಿಡೋಣ ಎನ್ನಿಸಿತು. "ಹೂಂ ಅಮ್ಮಾ" ಎಂದ.

ಅವಳು ಒಳಗೆ ಹೋಗಿ, ಅವನಿಗೆ ತೋರಿಸಲೆಂದೇ ಇನ್ನೊಮ್ಮೆ ಹೊರಗೆ ಬಂದಳು.