ಯಾರದೂ ಅಲ್ಲದ ಕಂಬ

ಚಳಿಗಾಲದ ಮೊದಲ ಮಳೆಗೇ ಐನ್ ಸರ್ಕೀಸ್ ಎಂಬ ಊರಿನ ಪುರಾತನ ಕೆಥೆಡ್ರಲ್ ಈ ಸಲವೂ ಸೋರತೊಡಗಿತು. ಸೋರಿದ್ದು ಸೋರಿತು, ಸರಿಯಾಗಿ ನಡುಗಂಬದ ಮೇಲೇ ಸೋರಬೇಕೆ? ಬಲಭಾಗ ಗ್ರೀಕ್ ಪಂಥದ ಕ್ರೈಸ್ತರದು, ಎಡಭಾಗ ಅರ್ಮೇನಿಯನ್ ಪಂಥದವರದು. ನಡುಗಂಬ ಯಾರದೆಂದು ಮುತ್ತಜ್ಜಂದಿರ ಕಾಲದಿಂದಲೂ ತೀರ್ಮಾನವಾಗಿಲ್ಲ. ರಿಪೇರಿ ಮಾಡಿದವನದೇ ಜಾಗ ಎಂಬುದು ಇಲ್ಲಿನ ಕಟ್ಟಳೆ. ಕಸ ಗುಡಿಸಿದರೂ ಹಕ್ಕು ಸ್ಥಾಪಿಸಿದಂತೆ. ಹಾಗಾಗಿ ಕಂಬದ ಬುಡಕ್ಕೆ ಒಂದು ಬಕೆಟ್ ಕೂಡ ಇಡುವಂತಿಲ್ಲ. ದೇವರ ಮನೆಯ ಮೇಲೆ ಎಲ್ಲರಿಗೂ ಅಷ್ಟು ಪ್ರೀತಿ.

ಕಂಬದ ಮೇಲೇ ಬಣ್ಣದಲ್ಲಿ ಬರೆದ, ಮಗುವನ್ನೆತ್ತಿಕೊಂಡ ಮಾತೆ ಮರಿಯಳ ಹಳೆಯ ಚಿತ್ರವಿದೆ. ಗ್ರೀಕ್ ಭಾಗವನ್ನು ನೋಡಿಕೊಳ್ಳುವ ಮಿತ್ರಿಯನ್ನು ಅವನ ತಾಯಿ ಹೆತ್ತದ್ದು ಆ ಚಿತ್ರಕ್ಕೆ ಹರಕೆ ಹೊತ್ತು. ತಾಯಿ ತೀರಿಕೊಂಡ ಮೇಲೆ, ಬೆಳಿಗ್ಗೆ ಬೀಗ ತೆಗೆದವನೇ ಅವನು ಮೊದಲು ಮಾತಾಡಿಸುವುದು ಆ ಮುಖವನ್ನು. ಹೋದ ವರ್ಷದ ಮಳೆಗೆ ಮಗು ಯೇಸು ಅಳಿಸಿಹೋಗಿದ್ದ. ಈಗ ನೀರು ತಾಯಿಯ ಹಣೆಗೆ ಬಂದಿತ್ತು.

ಅರ್ಮೇನಿಯನ್ ಭಾಗದ ನುಬಾರ್ ಎಂದಿನಂತೆ ಚಹಾ ತಂದ.

“ರಿಪೇರಿಗೆ ನಿಮ್ ಬಿಷಪ್ಪು ಏನಂದ್ರೋ?” ಮಿತ್ರಿ ಕೇಳಿದ.

“ನಿಮ್ಮೋರು ಒಪ್ಪಿದ್ರೆ ನಾವೂ ಒಪ್ತೀವಿ ಅಂದ್ರು. ನಿಮ್ಮೋರು?”

“ಅವ್ರೂ ಅದೇ ಅಂದ್ರು. ಮೊದ್ಲು ನೀವು ಒಪ್ಬೇಕಂತೆ.”

“ಸರಿ ಬಿಡು, ಇಬ್ರೂ ಸತ್ತು ಮೇಲೆ ಹೋಗಿ ಅಲ್ಲಿಂದ್ಲೇ ಕೊಡೆ ಹಿಡಿಯೋಣ.”

ಮಿತ್ರಿ ನಗಲಿಲ್ಲ. “ನಾನೇ ಒಂದು ತಗಡು ಸಿಗಿಸ್ತೀನಿ. ಕಣ್ಮುಚ್ಕೊಳೋ.”

“ಅದೊಂದು ಕೇಳ್ಬೇಡ ಮಾರಾಯ. ನಿಮ್ಮೋರನ್ನ ಹತ್ತೋಕೆ ಬಿಡಲ್ಲ ಅಂತ ಸಾಯೋವಾಗ ನಮ್ಮಪ್ಪ ಈ ಕಂಬದ ಮೇಲೇ ಆಣೆ ಹಾಕಿಸ್ಕೊಂಡಿದಾನೆ.”

ನೀರು ಹುಬ್ಬಿಗಿಳಿಯಿತು.

“ಹಂಗಾದ್ರೆ ನೀನೇ ಹತ್ತು,” ಎಂದ ಮಿತ್ರಿ. “ಕಂಬ ನಿಮ್ದೇ ಆಗ್ಲಿ. ನಾನು ನೋಡ್ಲಿಲ್ಲ ಅಂತೀನಿ.”

“ನಿನ್ ಜನ ನಿನ್ ಚರ್ಮ ಸುಲೀತಾರೆ.”

“ಸುಲೀಲಿ. ಮುಖ ಉಳಿಯುತ್ತಲ್ಲ.”

ನುಬಾರ್ ಅವನನ್ನೇ ದಿಟ್ಟಿಸಿ ನೋಡಿ, ಹೋಗಿ ಏಣಿ ತಗಡು ತಂದ. ಮಿತ್ರಿ ಬೆನ್ನು ತಿರುಗಿಸಿ ನಿಂತ. ಏಣಿ ಕಂಬಕ್ಕೆ ತಾಗಿದ ಸದ್ದು ಕೇಳಿಸಿತು.

“ಇಳಿಯೋ ಕೆಳಗೆ. ಯಾರಪ್ಪಂದು ಅನ್ಕೊಂಡಿದೀಯ ಈ ಕಂಬ?”

ಕೂಗಿದ್ದು ತಾನೇ ಎಂದು ತಿಳಿಯಲು ಮಿತ್ರಿಗೆ ಕೊಂಚ ಹೊತ್ತು ಬೇಕಾಯಿತು. ನುಬಾರನ ಅಪ್ಪನ ಮೇಲೆ ತನ್ನ ಅಪ್ಪ ಕೂಗುತ್ತಿದ್ದುದೂ ಇದೇ ಮಾತು, ಇದೇ ದನಿ.

ನುಬಾರ್ ಇಳಿದು ಏಣಿ ತೆಗೆದ. “ಬಿಡು. ನಿನ್ ಜಾಗದಲ್ಲಿ ನಾನಿದ್ರೂ ಕೂಗ್ತಿದ್ದೆ,” ಎಂದ.

ಮತ್ತೆ ಹತ್ತು ಎನ್ನಲು ಮಿತ್ರಿ ಬಾಯಿ ತೆರೆದ. ಆ ಮಾತು ಮಾತ್ರ ಹೊರಡಲಿಲ್ಲ. ಇಬ್ಬರೂ ತಂತಮ್ಮ ಭಾಗದ ನೆಲದಲ್ಲಿ ಕೂತರು. ಚಹಾ ಆರಿತು. ಮಧ್ಯಾಹ್ನದ ಹೊತ್ತಿಗೆ ಚಿತ್ರದ ಒಂದು ಕಣ್ಣು ಹೋಯಿತು. ಉಳಿದ ಅರ್ಧ ಮುಖಕ್ಕೆ ಹೇಳಲು ಮಿತ್ರಿಯ ಬಳಿ ಮಾತಿರಲಿಲ್ಲ.