ಅಗ್ಬೆಕೊ ಕಾರಿನ ನೀರಿನ ಬಾಟಲಿ

ನಮ್ಮ ಕೆಟಾ ಊರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಪೆಟ್ರೋಲಿನ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಒಂದು ದಿನ ಅಗ್ಬೆಕೊ ತನ್ನ ಟ್ಯಾಕ್ಸಿಯ ಬಾನೆಟ್ ಎತ್ತಿ ನಮ್ಮನ್ನೆಲ್ಲ ಕರೆದ. ಬ್ಯಾಟರಿ ಪಕ್ಕದಲ್ಲಿ ಗಾಜಿನ ಬಾಟಲಿ. ಒಳಗೆ ನೀರು, ಎರಡು ಸ್ಟೀಲ್ ತಗಡು, ಎರಡು ತಂತಿ. ಮುಚ್ಚಳದಿಂದ ಒಂದು ಪೈಪು ಎಂಜಿನ್ನಿಗೆ ಹೋಗಿತ್ತು. ಕಾರು ಶುರು ಮಾಡಿದ್ದೇ ತಡ, ನೀರು ಬುಳಬುಳ ಎಂದಿತು.

"ಕರೆಂಟು ನೀರನ್ನ ಗ್ಯಾಸ್ ಮಾಡುತ್ತೆ, ಎಂಜಿನ್ನು ಅದನ್ನ ಕುಡಿಯುತ್ತೆ, ಪೆಟ್ರೋಲು ಉಳಿಯುತ್ತೆ. ಫೋನಲ್ಲಿ ನೋಡಿ ಕಲಿತೆ ಕಣ್ರೋ," ಅಂದ.

ಸುಳ್ಳೇಕೆ ಹೇಳಲಿ, ಅವತ್ತು ಸಂಜೆ ನಾನೂ ಒಂದು ಬಾಟಲಿ ತೊಳೆದಿಟ್ಟೆ.

ಅವನ ಹೆಂಡತಿ ಜಿಫಾ ತಾಳೆಎಣ್ಣೆ ಸೋಪು ಮಾಡುವವಳು. ಆಗ ಎಂಟು ತಿಂಗಳ ಬಸುರಿ. ಮರುದಿನ ನೇರ ಸ್ಟ್ಯಾಂಡಿಗೇ ಬಂದಳು.

"ನನ್ನ ಕಾಸ್ಟಿಕ್ ಸೋಡಾ ಎಲ್ಲಿ?"

"ಬಾಟಲಿಗೆ ಹಾಕ್ದೆ ಕಣೆ. ಬರೀ ನೀರಲ್ಲಿ ಗುಳ್ಳೆ ಏಳಲ್ಲ."

"ಮೈಮೇಲೆ ಬಿದ್ರೆ ಚರ್ಮ ಸುಡುತ್ತೆ ಅದು. ನೋವು ಬಂದಾಗ ನನ್ನ ಇದೇ ಕಾರಲ್ಲಿ ತಾನೇ ಆಸ್ಪತ್ರೆಗೆ ಕರ್ಕೊಂಡು ಹೋಗೋದು?"

ಸ್ಟ್ಯಾಂಡಿನಲ್ಲಿ ಕಾರಿನ ವೈರಿಂಗ್ ಮಾಡುವ ಎಸಿನಾಮ್ ಬಗ್ಗಿ ನೋಡಿದಳು.

"ಸುಡೋದಷ್ಟೇ ಅಲ್ಲ ಅಕ್ಕ, ಆ ಗ್ಯಾಸಿಗೆ ಒಂದು ಕಿಡಿ ತಾಗಿದ್ರೆ ಬಾಟಲಿ ಸಿಡಿಯುತ್ತೆ. ಅಣ್ಣ, ಬಾಟಲಿಗೆ ಕರೆಂಟು ಎಲ್ಲಿಂದ ಬರುತ್ತೆ?"

"ಡೈನಮೋದಿಂದ."

"ಡೈನಮೋ ತಿರುಗಿಸೋದು?"

"ಎಂಜಿನ್ನು."

"ಎಂಜಿನ್ನಿಗೆ ಹೊಟ್ಟೆಗೇನು?"

ಅಗ್ಬೆಕೊ ತಲೆ ಕೆರೆದುಕೊಂಡ. "ಪೆಟ್ರೋಲು."

"ಡೈನಮೋ ತಿರುಗಿಸೋಕೆ ಖರ್ಚಾದಷ್ಟು ಈ ಗ್ಯಾಸಿಂದ ವಾಪಸ್ ಬರಲ್ಲ."

"ಮತ್ತೆ ಪೆಟ್ರೋಲ್ ಮೀಟರಿನ ಮುಳ್ಳು ಇಳೀತಾನೇ ಇಲ್ವಲ್ಲ?"

"ನೀವೆಲ್ಲ ಟ್ರಿಪ್ಪಿಗೊಂದಿಷ್ಟು ಅಂತ ಚೂರುಚೂರು ಪೆಟ್ರೋಲು ಹಾಕಿಸೋರು. ಮುಳ್ಳು ನೋಡಿದ್ರೆ ಏನು ತಿಳಿಯುತ್ತೆ? ಟ್ಯಾಂಕ್ ಬಾಯಿತನಕ ತುಂಬಿಸು. ಒಂದು ವಾರ ಬಾಟಲಿ ಇಲ್ದೆ ಓಡಿಸಿ ಮತ್ತೆ ತುಂಬಿಸು, ಎಷ್ಟು ಲೀಟರ್ ಹಿಡೀತು ನೋಡ್ಕೋ. ಆಮೇಲೆ ನಾನೇ ಬಾಟಲಿ ಕೂರಿಸ್ತೀನಿ, ಇನ್ನೊಂದು ವಾರ ಅಷ್ಟೇ ಟ್ರಿಪ್ ಓಡಿಸಿ ಮತ್ತೆ ತುಂಬಿಸು. ಬಾನೆಟ್ ಮಾತ್ರ ತೆಗೀಬೇಡ."

ಎರಡು ವಾರ ನಮಗೆಲ್ಲ ಅದೇ ಕುತೂಹಲ. ಎರಡನೇ ಶನಿವಾರ ಅಗ್ಬೆಕೊ ಬಂಕಿನಿಂದ ಕುಣಿಯುತ್ತಾ ಬಂದ.

"ಬಾಟಲಿ ಇದ್ದ ವಾರ ಏಳು ಲೀಟರ್ ಕಮ್ಮಿ ಹಿಡೀತು. ಈಗೇನಂತೀಯಾ ಎಸಿನಾಮ್?"

ಎಸಿನಾಮ್ ಜೇಬಿನಿಂದ ಬಾಟಲಿಯ ಎರಡೂ ತಂತಿ ತೆಗೆದು ಅವನ ಕೈಗಿಟ್ಟಳು. ಜಿಫಾಗೆ ನಗು ತಡೆಯಲಾಗಲಿಲ್ಲ.

"ಬಾಟಲಿಯಲ್ಲಿರೋದು ನಮ್ಮ ಬಾವಿ ನೀರು ಕಣ್ರೀ. ತಂತಿನೇ ಹಾಕಿರಲಿಲ್ಲ."

"ಹಾಗಾದ್ರೆ ಪೆಟ್ರೋಲು ಉಳಿದದ್ದು?"

"ಈ ವಾರ ಹೇಗೆ ಓಡಿಸಿದಿರಿ?"

"ಬಾಟಲಿ ಒಡೆದೀತು ಅಂತ ನಿಧಾನಕ್ಕೆ. ಗಿರಾಕಿಗೋಸ್ಕರ ಯಾರ ಜೊತೆಗೂ ರೇಸ್ ಹೋಗಲಿಲ್ಲ. ಗಕ್ಕಂತ ಬ್ರೇಕ್ ಹಾಕ್ಲಿಲ್ಲ..." ಅಷ್ಟು ಹೇಳಿ ಅಗ್ಬೆಕೊ ತಾನೇ ಬಾನೆಟ್ ಎತ್ತಿ ಬಾಟಲಿ ಬಿಚ್ಚಿದ.

ಅದಾಗಿ ತಿಂಗಳು ಕಳೆಯುವ ಮೊದಲೇ ಜಿಫಾಗೆ ಹೆರಿಗೆ ನೋವು ಬಂತು. ಅಗ್ಬೆಕೊ ಅದೇ ಕಾರಿನಲ್ಲಿ, ಒಂದು ಹಳ್ಳಕ್ಕೂ ಇಳಿಸದೆ ಅವಳನ್ನು ಕರೆದೊಯ್ದ. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ.

ಕಾರು ಓಡಿಸುವ ಅಣ್ಣಂದಿರೇ, ಅಕ್ಕಂದಿರೇ, ಹೊಸದನ್ನು ತಿಳಿಯುವ ಆಸೆ ಒಳ್ಳೆಯದೇ. ಆದರೆ ನಂಬುವ ಮೊದಲು ಟ್ಯಾಂಕ್ ತುಂಬಿಸಿ ಅಳೆಯಿರಿ. ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ. ಬಾನೆಟ್ಟಿನ ಕೆಳಗೆ ಗಾಜಿನ ಬಾಟಲಿ ಇದೆ ಅಂದುಕೊಂಡೇ ದಿನವೂ ಓಡಿಸಿ. ಬಾಟಲಿ ಮಾತ್ರ ಇಡಬೇಡಿ.